ಕೋಣನ ರಕ್ತಕ್ಕೆ ನನ್ನ ಹೆಸರು

೯ ಫೆಬ್ರುವರಿ ೨೦೨೫, ರವಿವಾರ
ಇಜೇರಿ

ಇವತ್ತು ನಮ್ಮ ಓಣಿಯ ಮಂದಿಯ ರಕ್ತವನ್ನೂ ಎಮ್ಮೆಗಳ ರಕ್ತವನ್ನೂ ಒಂದೇ ಐಸ್ ಡಬ್ಬಿಯಲ್ಲಿಟ್ಟರು. ಕಣ್ಣಾರೆ ಕಂಡೆ. ಡಬ್ಬಿ ಹಿಡಿದುಕೊಂಡು ನಿಂತವನೇ ನಾನು.

ಜೇವರ್ಗಿಯ ಪಶು ಆಸ್ಪತ್ರೆಯಲ್ಲಿ ನಾನು ಇಪ್ಪತ್ತಾರು ವರ್ಷದಿಂದ ಜವಾನ. ಕಲಬುರಗಿಯ ಲ್ಯಾಬಿನವರು ನಿಮ್ಮೂರಿಗೇ ಬರುತ್ತಾರೆ ಧರ್ಮಣ್ಣ, ಎಮ್ಮೆ ಹಿಡಿಯಲು ಹೋಗು ಅಂದರು ಡಾಕ್ಟರು. ಹೋದೆ. ಶಿಬಿರ ಹಾಕಿದ್ದು ನಮ್ಮ ಓಣಿಯ ಮುಂದಿನ ಬಯಲಿನಲ್ಲಿ. ಊರಿನ ನಾಲ್ಕೂ ಕಡೆಯಿಂದ ಎಮ್ಮೆಗಳು ಬಂದವು. ಹದಿನೆಂಟು ಎಮ್ಮೆ ಮುಗಿದ ಮೇಲೆ ಅದೇ ಮೇಜು, ಅದೇ ಹತ್ತಿ, ಅದೇ ಡಬ್ಬಿ. ಇನ್ನು ಮನುಷ್ಯರು ಬರಲಿ ಅಂದರು. ಬಂದವರು ಯಾರು? ನಮ್ಮ ಓಣಿಯ ಹನ್ನೊಂದು ಜನ. ಗೌಡರ ಓಣಿಯಿಂದ ಎಮ್ಮೆಗಳು ಬಂದಿದ್ದವು, ಮನುಷ್ಯರು ಬರಲಿಲ್ಲ.

ಫಾರ್ಮು ಕಸಿದುಕೊಂಡು ನೋಡಿದೆ. ಎಲ್ಲಾ ಇಂಗ್ಲಿಷ್. ಕೆಳಗೆ ನಮ್ಮವರ ಹೆಬ್ಬೆಟ್ಟು. ಮೇಲಿನ ಸಾಲು ಓದುವಷ್ಟು ಇಂಗ್ಲಿಷ್ ನನಗೆ ಬರುತ್ತದೆ. ಮನುಷ್ಯ ಮತ್ತು ಎಮ್ಮೆಯ ವರ್ಣತಂತುಗಳ ಹೋಲಿಕೆ ಎಂದಿತ್ತು. ಸಾವಿರ ವರ್ಷ ನಮ್ಮನ್ನು ದನದ ಲೆಕ್ಕದಲ್ಲೇ ಇಟ್ಟವರು ಈಗ ಯಂತ್ರ ತಂದು ಸಾಬೀತು ಮಾಡಲು ಹೊರಟಿದ್ದಾರೆ.

ಲ್ಯಾಬಿನ ಹೆಣ್ಣುಮಗಳು ಮೂವತ್ತರ ಒಳಗಿನವಳು, ಆಳಂದದವಳಂತೆ, ಜಸ್ಮೀನ ಎಂದು ಹೆಸರು. ಏನೋ ವಿವರಿಸಲು ಬಂದಳು. ಕೇಳಲಿಲ್ಲ. ಹನ್ನೊಂದು ಫಾರ್ಮು ಹರಿದೆ. ಹನ್ನೊಂದು ಸೀಸೆಗಳ ರಕ್ತವನ್ನು ಅವಳ ಕೈಯಿಂದಲೇ ಮಣ್ಣಿಗೆ ಚೆಲ್ಲಿಸಿದೆ. ಮಂದಿ ಚಪ್ಪಾಳೆ ತಟ್ಟಿದರು. ಬಹಳ ವರ್ಷದ ಮೇಲೆ ಗಂಟಲು ಬಿಟ್ಟು ಘೋಷಣೆ ಕೂಗಿದೆ.

ಮನೆಗೆ ಬಂದರೆ ಹೆಂಡತಿ ನಿಂಬೆವ್ವನದು ಅದೇ ಮಾತು. ಸೊಸೆ ಸಪ್ನಾಗೆ ಜನವರಿಯಲ್ಲಿ ಮೂರನೆಯ ಬಸಿರೂ ಇಳಿಯಿತು. ಅಫಜಲಪುರದಿಂದ ಅವಳ ಅಪ್ಪ ನಾಗಣ್ಣನನ್ನು ಕರೆಸಿ ಅವಳನ್ನು ಒಪ್ಪಿಸಿಬಿಡೋಣ, ನಮ್ಮ ಅರುಣನಿಗೆ ಬೇರೆ ಹೆಣ್ಣು ನೋಡೋಣ ಎನ್ನುತ್ತಾಳೆ. ಅದು ಹೆಂಗಸರ ವಿಷಯ. ನನಗೆ ಇವತ್ತಿನದೇ ಸಾಕಷ್ಟಿದೆ.

೧೩ ಫೆಬ್ರುವರಿ, ಗುರುವಾರ

ಸೋಮವಾರ ನಮ್ಮ ದಲಿತ ಸಂಘಟನೆಯ ತಾಲೂಕು ಸಂಚಾಲಕ ಜಗದೇವನ ಜೊತೆ ಹೋಗಿ ತಹಸೀಲ್ದಾರರಿಗೆ ಮನವಿ ಕೊಟ್ಟೆ. ಇವತ್ತು ಆ ಮೇಡಂ ತಾನೇ ಆಸ್ಪತ್ರೆಗೆ ಬಂದಳು, ಒಬ್ಬಳೇ, ಬಸ್ಸಿನಲ್ಲಿ. ಇದೇ ನನಗೆ ಮೊದಲ ಅನುಮಾನ. ಜೀಪು ಬಿಟ್ಟು ಬಸ್ಸಿನಲ್ಲಿ ಬರುವ ಅಧಿಕಾರಿಗೆ ಏನೋ ಬೇಕಾಗಿರುತ್ತದೆ.

ಫೋಟೋ ತೋರಿಸಿದಳು. ಕಪ್ಪು ಹಾಳೆಯ ಮೇಲೆ ನೀಲಿ ಬಣ್ಣದ ಸಣ್ಣ ಸಣ್ಣ ಕಡ್ಡಿಗಳು, ಕೆಲವಕ್ಕೆ ಕೆಂಪು ಹೊಳಪು. ನೀಲಿ ಕಡ್ಡಿಗಳು ಎಮ್ಮೆಯ ವರ್ಣತಂತುಗಳಂತೆ. ಕೆಂಪು ಬಣ್ಣವನ್ನು ಮನುಷ್ಯನ ಹದಿನೇಳನೆಯ ವರ್ಣತಂತುವಿನಿಂದ ಮಾಡಿದ್ದಂತೆ. ಆ ಬಣ್ಣ ತನ್ನ ಸರೀಕ ತುಣುಕು ಎಲ್ಲಿದೆಯೋ ಹುಡುಕಿಕೊಂಡು ಹೋಗಿ ಅಲ್ಲೇ ಅಂಟಿಕೊಂಡು ಬೆಳಗುತ್ತದೆ. ಎಮ್ಮೆಯ ಮೂರನೆಯ ವರ್ಣತಂತುವಿನ ಒಂದು ತೋಳಿನ ತುಂಬಾ ಬೆಳಗಿತ್ತು. ಮನುಷ್ಯನಲ್ಲಿ ಒಂದೆಡೆ ಇರುವ ಬರಹ ಎಮ್ಮೆಯಲ್ಲಿ ಎಲ್ಲೆಲ್ಲಿ ಹಂಚಿಹೋಗಿದೆ ಎಂದು ನೋಡುವುದೇ ತಮ್ಮ ಕೆಲಸ ಎಂದಳು. ಗೌಡನ ಬಣ್ಣ ಹಾಕಿದರೂ ಹೀಗೇ ಬೆಳಗುತ್ತದೇನು ಅಂದೆ. ಕೂದಲೆಳೆಯಷ್ಟೂ ವ್ಯತ್ಯಾಸ ಇಲ್ಲ ಅಂದಳು.

ಹಾಗಾದರೆ ನಮ್ಮ ಓಣಿಯ ರಕ್ತ ಯಾಕೆ? ಪ್ರತಿ ಸಲ ಬಣ್ಣವನ್ನು ಮೊದಲು ಮನುಷ್ಯರ ಮೇಲೆ ಹಾಕಿ ಸರಿ ಇದೆಯೋ ನೋಡಬೇಕಂತೆ. ಅದಕ್ಕೆ ಲ್ಯಾಬಿನವರ ರಕ್ತವೇ ಸಾಕಿತ್ತಂತೆ. ಆದರೆ ಬಸಿರು ನಿಲ್ಲದ ಮನೆಗಳಿಗೆ ಇದೇ ಬಣ್ಣದಿಂದ ಪುಕ್ಕಟೆ ತಪಾಸಣೆ ಮಾಡಬಹುದೆಂದು ಎರಡೂ ಕೆಲಸ ಒಂದೇ ಸುತ್ತಿನಲ್ಲಿ ಮುಗಿಸಲು ಹೋದರಂತೆ.

"ತಪ್ಪಾಗ್ಯಾದ್ರಿ ಕಾಕಾ. ಎಮ್ಮಿ ಕಟ್ಟಿದ ಜಾಗಾದಾಗ ಮನುಷ್ಯಾರನ್ನ ಕೂಡಿಸಬಾರದಿತ್ತು. ಫಾರ್ಮ ಕನ್ನಡದಾಗ ಮಾಡಿಸಾಕತ್ತೇನಿ."

ಇಷ್ಟು ಬೇಗ ತಪ್ಪು ಒಪ್ಪಿಕೊಂಡ ಅಧಿಕಾರಿಯನ್ನು ಮೂವತ್ತು ವರ್ಷದ ಹೋರಾಟದಲ್ಲಿ ನಾನು ಕಂಡಿಲ್ಲ. ಏನೋ ಇದೆ.

ಹೋಗುವ ಮುಂಚೆ ನಮ್ಮ ಆಸ್ಪತ್ರೆಯ ರಿಜಿಸ್ಟರ್ ಕೇಳಿದಳು. ಗಬ್ಬ ನಿಲ್ಲದ ಎಮ್ಮೆಗಳ ಪಟ್ಟಿ. ಇಜೇರಿಯ ಹೆಸರೇ ಹೆಚ್ಚು. ಎಲ್ಲದರ ಮುಂದೆ ನನ್ನದೇ ಅಕ್ಷರ: ಎಮ್ಮೆ ಬರಡು, ಮಾರಾಟ. ಕೋಣನಿಗೆ ಕಾಲಂ ಇಲ್ಲವೇ ಎಂದು ಕೇಳಿದಳು. ಕೋಣ ಏನು ಕರು ಹಾಕುತ್ತದೆಯೇ ತಾಯಿ ಅಂದೆ. ಕಾಂಪೌಂಡರ್ ಬಿದ್ದು ಬಿದ್ದು ನಕ್ಕ. ಅವಳು ನಗಲಿಲ್ಲ, ಬರೆದುಕೊಂಡಳು.

೨ ಮಾರ್ಚ್, ರವಿವಾರ

ಅರುಣನ ಅಂಗಿಯ ಕಿಸೆಯಲ್ಲಿ ಲ್ಯಾಬಿನ ಚೀಟಿ ಸಿಕ್ಕಿತು. ಅವನು ವಿದ್ಯುತ್ ಇಲಾಖೆಯಲ್ಲಿ ಲೈನ್‌ಮನ್. ಕೆಲಸದ ಮೇಲೆ ಹೊರಟೆ ಎಂದು ಸಪ್ನಾಳನ್ನು ಬೈಕಿಗೆ ಹಾಕಿಕೊಂಡು ಕಲಬುರಗಿಗೆ ಹೋಗಿ ಇಬ್ಬರೂ ರಕ್ತ ಕೊಟ್ಟು ಬಂದಿದ್ದಾರೆ. ನನ್ನ ಮನೆಯಿಂದ. ನಾನು ಮನವಿ ಕೊಟ್ಟ ಲ್ಯಾಬಿಗೆ.

ಅರುಣ ತಲೆ ತಗ್ಗಿಸಿದ. ನಿಂಬೆವ್ವ ಸಪ್ನಾಳ ಮೇಲೆ ಹರಿಹಾಯ್ದಳು. ನಾನೂ ಬಿಡಲಿಲ್ಲ. ಜಗದೇವನಿಗೆ ಏನು ಮುಖ ತೋರಿಸಲಿ, ಆ ಮೇಡಂ ನಿನ್ನನ್ನು ಇಟ್ಟುಕೊಂಡು ನನ್ನನ್ನು ಮಣಿಸಲು ನೋಡುತ್ತಿದ್ದಾಳೆ, ನಿನಗಷ್ಟೂ ತಿಳಿಯದೇ ಎಂದೆ. ಮೂರು ವರ್ಷದಲ್ಲಿ ಎದುರು ನಿಂತು ಮಾತಾಡದ ಹುಡುಗಿ, ಮುಸುರೆ ಕೈ ಸೆರಗಿಗೆ ಒರೆಸಿಕೊಂಡು ನಿಂತಳು.

"ಮಾಮಾ, ಅವತ್ತ ನೀವು ಹನ್ನೊಂದು ಮಂದಿ ರಗತ ಮಣ್ಣಿಗಿ ಚೆಲ್ಲಿಸಿದ್ರಿ. ಅದ್ರಾಗ ಒಂದು ನಂದಿತ್ತು. ನನ್ನ ಕೇಳಲೇ ಇಲ್ಲ ನೀವು."

ನನ್ನ ಕಣ್ಣು ಡಬ್ಬಿಯ ಮೇಲಿತ್ತು, ಸೆರಗು ಮುಖಕ್ಕೆಳೆದುಕೊಂಡ ಹೆಂಗಸರ ಸಾಲಿನಲ್ಲಿ ಅವಳೂ ಇದ್ದದ್ದು ನನಗೆ ಗೊತ್ತಿರಲಿಲ್ಲ. ಗೊತ್ತಿದ್ದರೂ ಚೆಲ್ಲಿಸುತ್ತಿದ್ದೆ. ಚಳವಳಿ ಅಂದರೆ ಒಬ್ಬೊಬ್ಬರನ್ನು ಕೇಳುತ್ತಾ ಕೂಡುವುದಲ್ಲ.

೨೪ ಮಾರ್ಚ್, ಸೋಮವಾರ

ರಿಪೋರ್ಟ್ ಬಂತು. ಈ ಸಲ ಕನ್ನಡದಲ್ಲಿ.

ಸಪ್ನಾಳದು ಎಲ್ಲಾ ಸರಿ ಇದೆಯಂತೆ. ಅರುಣನ ಎರಡನೆಯ ವರ್ಣತಂತುವಿನ ತುದಿ ಮುರಿದು ಹನ್ನೊಂದನೆಯದಕ್ಕೆ ಹೋಗಿ ಕೂತಿದೆಯಂತೆ, ಹನ್ನೊಂದನೆಯದರ ತುದಿ ಎರಡನೆಯದಕ್ಕೆ. ಅದಲು ಬದಲು. ಅವನ ಮೈಗೆ ಏನೂ ಕೊರತೆ ಇಲ್ಲ, ಯಾಕೆಂದರೆ ಎಲ್ಲಾ ತುಣುಕೂ ಇದೆ, ಜಾಗ ಬೇರೆ ಅಷ್ಟೇ. ಆದರೆ ಮಗುವಿಗೆ ಅರ್ಧ ಪಾಲು ಹೋಗುವಾಗ ಒಂದು ತುಣುಕು ಹೆಚ್ಚಾಗಿ ಇನ್ನೊಂದು ಕಡಿಮೆಯಾದರೆ ಬಸಿರು ನಿಲ್ಲುವುದಿಲ್ಲ. ಪಾಲು ಸರಿಯಾಗಿ ಹೋದಾಗ ನಿಲ್ಲುತ್ತದೆ. ಪ್ರಯತ್ನ ಬಿಡಬೇಡಿ, ಮುಂದಿನ ಸಲ ಮೊದಲ ತಿಂಗಳಿಂದಲೇ ತೋರಿಸಿಕೊಳ್ಳಿ ಎಂದು ಬರೆದಿದ್ದಾರೆ.

ಸುಳ್ಳು. ಹೋರಾಟ ಮಾಡಿದವನ ಮಗನಲ್ಲೇ ದೋಷ ಸಿಕ್ಕಿತೇ? ಹದಿನೆಂಟು ಎಮ್ಮೆ, ನೂರು ಮನೆ, ಅದರಲ್ಲಿ ಧರ್ಮಣ್ಣನ ಮನೆಯೇ ಸಿಕ್ಕಿತೇ? ಇದು ನನ್ನ ಬಾಯಿ ಮುಚ್ಚಿಸುವ ಕಾಗದ. ನಿಂಬೆವ್ವನಂತೂ ಕಾಗದ ಮುಟ್ಟಲೂ ಇಲ್ಲ. ಬಸಿರು ಗಂಡಸಿನ ಹೊಟ್ಟೆಯಿಂದ ಇಳಿಯಿತೇ ಎಂದಳು. ಮೇ ತಿಂಗಳ ಕೊನೆಗೆ ನಾಗಣ್ಣನನ್ನು ಕರೆಸುವುದು ಖಾಯಂ ಆಯಿತು. ನಾನೇ ಫೋನು ಮಾಡಿ ಇಪ್ಪತ್ತೈದನೆಯ ತಾರೀಖು ಹೇಳಿದೆ.

೨೬ ಮಾರ್ಚ್, ಬುಧವಾರ

ಎರಡು ದಿನದಿಂದ ಅರುಣ ಊಟಕ್ಕೆ ಸರಿಯಾಗಿ ಕೂತಿಲ್ಲ. ಇವತ್ತು ಕೇಳಿದ: "ಅಪ್ಪಾ, ಈ ಮುರುಕ ತುಣಕ ನನಗ ಎಲ್ಲಿಂದ ಬಂತು? ನಿನ್ನಿಂದ ಬಂದಿರಬೇಕು, ಇಲ್ಲಾ ಅವ್ವನಿಂದ."

ಕಾಗದವೇ ಸುಳ್ಳು ಎಂದೆ. ಅವನು ನಂಬಿದಂತೆ ಕಾಣಲಿಲ್ಲ.

೩ ಏಪ್ರಿಲ್, ಗುರುವಾರ

ಯೋಚಿಸಿ ನೋಡಿದೆ. ಕಾಗದ ಖರೆ ಎಂದೇ ಇಟ್ಟುಕೊಂಡರೂ ಅದು ನಿಂಬೆವ್ವನ ಕಡೆಯಿಂದಲೇ ಬಂದಿರಬೇಕು. ಸರಸಂಬಾದ ಅವಳ ತವರಿನಲ್ಲಿ ಒಬ್ಬ ಚಿಕ್ಕಪ್ಪನಿಗೆ ಮಕ್ಕಳೇ ಇಲ್ಲ. ಅರುಣ ಹುಟ್ಟುವ ಮೊದಲು ಅವಳಿಗೂ ಎರಡು ಇಳಿದಿದ್ದವು. ನಮ್ಮವ್ವ ಆಗಲೇ ಹೇಳುತ್ತಿದ್ದಳು, ಆ ಮನೆತನದ ಹೊಟ್ಟೆಯೇ ಸರಿ ಇಲ್ಲ ಎಂದು.

ಅವಳನ್ನು ಅರುಣನ ಜೊತೆ ಕಲಬುರಗಿಗೆ ಕಳಿಸಿದೆ. ಮೊದಲು ಒಲ್ಲೆ ಎಂದಳು, ಸಿಡಿಮಿಡಿ ಮಾಡಿದಳು, ಕೊನೆಗೆ ಬಸ್ಸು ಹತ್ತುವಾಗ "ನೀವು?" ಎಂದು ಕೇಳಿದಳು. ಲಸಿಕೆ ಹಾಕುವ ಕೆಲಸವಿದೆ ಎಂದೆ. ಇತ್ತು ಕೂಡ.

೨೨ ಏಪ್ರಿಲ್, ಮಂಗಳವಾರ

ನಿಂಬೆವ್ವನದು ಸರಿ ಇದೆಯಂತೆ.

೨೪ ಏಪ್ರಿಲ್, ಗುರುವಾರ

ಎರಡು ದಿನ ನಿದ್ದೆ ಇಲ್ಲ. ಈಗ ಉಳಿದವನು ನಾನು. ಎಷ್ಟು ಸಲೀಸಾಗಿ ನನ್ನ ಬಳಿ ತಂದು ನಿಲ್ಲಿಸಿದರು. ಮೊದಲು ಸೊಸೆಯನ್ನು ಬಿಟ್ಟರು, ಆಮೇಲೆ ಹೆಂಡತಿಯನ್ನು ಬಿಟ್ಟರು, ಈಗ ಗುರಿ ಹಿಡಿದು ಕೂತಿದ್ದಾರೆ. ಪೊಲೀಸರು ಪಂಚನಾಮೆ ಬರೆಯುವುದು ಹೀಗೇ. ಅಪರಾಧಿ ಯಾರೆಂದು ಮೊದಲೇ ಗೊತ್ತಿರುತ್ತದೆ, ಕಾಗದ ಆಮೇಲೆ ತಯಾರಾಗುತ್ತದೆ.

ಹಾಗಾದರೆ ಪರೀಕ್ಷೆ ನಾನೂ ಮಾಡುತ್ತೇನೆ.

ನಿನ್ನೆಯೇ ಜಸ್ಮೀನ ಮೇಡಂಗೆ ಫೋನು ಮಾಡಿ, ನಾನು ಕಲಬುರಗಿಗೆ ಬರುವುದಿಲ್ಲ, ಸೀಸೆ ಕಳಿಸು, ಇಲ್ಲೇ ನಮ್ಮ ಕಾಂಪೌಂಡರ್ ತೆಗೆದುಕೊಡುತ್ತಾನೆ ಎಂದೆ. ಒಪ್ಪಿದಳು. ಸಂಜೆಯ ಬಸ್ಸಿಗೇ ಬಂತು ಹಸಿರು ಮುಚ್ಚಳದ ಸೀಸೆ, ಮೇಲೆ ನನ್ನ ಹೆಸರು ಬರೆದ ಪಟ್ಟಿ, ಸಹಿ ಮಾಡಲು ಕನ್ನಡದ ಫಾರ್ಮು. ಇವತ್ತು ಬೆಳಿಗ್ಗೆ ಇಜೇರಿಯ ದೊಡ್ಡಪ್ಪಗೌಡರ ಕೋಣನಿಗೆ ಕೊಂಬಿನ ಗಾಯಕ್ಕೆ ಔಷಧ ಹಚ್ಚಲು ಹೋಗಿದ್ದೆ. ಊರಿನ ಎಲ್ಲಾ ಎಮ್ಮೆಗೂ ಬಿಡುವುದು ಅದೇ ಕೋಣ. ಕುತ್ತಿಗೆಯ ನರದಿಂದ ಒಂದು ಸೀಸೆ ರಕ್ತ ತೆಗೆದೆ. ಇಪ್ಪತ್ತಾರು ವರ್ಷದ ಕೈ, ಕೋಣನಿಗೂ ಗೊತ್ತಾಗಲಿಲ್ಲ, ಆಳಿಗೂ ಗೊತ್ತಾಗಲಿಲ್ಲ. ಜೇವರ್ಗಿ ಬಸ್ ನಿಲ್ದಾಣದಲ್ಲಿ ಲ್ಯಾಬಿನವನ ಕೈಗೆ ಕೊಟ್ಟೆ.

ಈಗ ನೋಡೋಣ. ಧರ್ಮಣ್ಣನ ತುದಿ ಮುರಿದಿದೆ ಎಂದು ಬರೆದು ಕಳಿಸಿದರೋ, ಸಿಕ್ಕಿಬಿದ್ದರು. ಸರಿ ಇದೆ ಎಂದು ಬರೆದರೂ ಸಿಕ್ಕಿಬಿದ್ದರು. ಪತ್ರಿಕಾಗೋಷ್ಠಿ ಎಲ್ಲಿ ಕರೆಯಬೇಕೆಂದು ಜಗದೇವನಿಗೆ ಈಗಲೇ ಹೇಳಿಟ್ಟಿದ್ದೇನೆ. ಒಂದು ತಿಂಗಳ ಮೇಲೆ ಇವತ್ತು ಹೊಟ್ಟೆತುಂಬಾ ಉಂಡೆ.

೬ ಮೇ, ಮಂಗಳವಾರ

ಜಸ್ಮೀನ ಬಂದಿದ್ದಳು. ಆಸ್ಪತ್ರೆಯ ಬೇವಿನ ಗಿಡದ ಕೆಳಗೆ ಕೂಡಿಸಿಕೊಂಡು, ಯಾರಿಗೂ ಕೇಳದಂತೆ ಮಾತಾಡಿದಳು.

"ಕಾಕಾ, ಮನುಷ್ಯಾಗ ನಲವತ್ತಾರು ಇರ್ತಾವ. ನಿಮಗ ಐವತ್ತು ಬಂದಾವ."

ಫೋಟೋ ತೆಗೆದು ತೊಡೆಯ ಮೇಲಿಟ್ಟಳು. ಸೀಸೆಯ ಮೇಲೆ ನನ್ನ ಹೆಸರು ಇದ್ದುದರಿಂದ ಮನುಷ್ಯನ ಬಣ್ಣಗಳನ್ನೇ ಹಾಕಿದ್ದರು, ಎರಡನೆಯದಕ್ಕೆ ಕೆಂಪು, ಹನ್ನೊಂದನೆಯದಕ್ಕೆ ಹಸಿರು. ಮನುಷ್ಯನಾದರೆ ಎರಡು ಕಡ್ಡಿ ಪೂರ್ತಿ ಕೆಂಪು, ಎರಡು ಪೂರ್ತಿ ಹಸಿರು ಬರಬೇಕು. ಇಲ್ಲಿ ಬಣ್ಣ ತುಂಡು ತುಂಡಾಗಿ ಬೇರೆ ಬೇರೆ ಕಡ್ಡಿಗಳ ಮೇಲೆ ಬಿದ್ದಿತ್ತು. ನೋಡಿದ ಕೂಡಲೇ ಲ್ಯಾಬಿನಲ್ಲಿ ಎಲ್ಲರೂ ಇದು ಎಮ್ಮೆ ಜಾತಿ ಎಂದರಂತೆ, ಗಂಡು ಎಂದೂ ಹೇಳಿದರಂತೆ.

"ನಾನು ಸಿಟ್ಟಿಗಿ ಬಂದಿಲ್ರಿ. ನಿಮ್ಮ ಜಾಗಾದಾಗ ನಾನಿದ್ರೂ ಹಿಂಗೇ ಮಾಡ್ತಿದ್ನೇನೋ. ಒಂದೇ ಮಾತು ಕೇಳ್ತೇನಿ. ಕೋಣನ ಮಾಲಕನ ಸಹಿ ತೊಗೊಂಡಿದ್ರೇನ್ರಿ?"

ದೊಡ್ಡಪ್ಪಗೌಡರ ಕೋಣ, ಅವರನ್ನು ಕೇಳಿಲ್ಲ ಎಂದೆ. ನಮ್ಮವರ ಹೆಬ್ಬೆಟ್ಟಿನ ಬಗ್ಗೆ ನಾನು ಮಾಡಿದ್ದ ಭಾಷಣವನ್ನೆಲ್ಲಾ ಅವಳು ಒಂದು ಸಾಲಿನಲ್ಲಿ ತಿರುಗಿಸಿ ಕೊಟ್ಟಳು.

ಆಮೇಲೆ ಇನ್ನೊಂದು ಫೋಟೋ ತೋರಿಸಿದಳು. ಬೇರೆ ಎಮ್ಮೆ ಕೋಣಗಳಲ್ಲಿ ಆ ಕೆಂಪು ನಾಲ್ಕು ಕಡೆ ಬೀಳುತ್ತದಂತೆ. ಈ ಕೋಣನಲ್ಲಿ ಐದು ಕಡೆ ಬಿದ್ದಿದೆ. ಒಂದು ತುಣುಕು ಮುರಿದು ಬೇರೆ ಕಡ್ಡಿಗೆ ಹೋಗಿ ಕೂತಿದೆ, ಅರುಣನಲ್ಲಿ ಆದ ಹಾಗೆಯೇ. ಇಜೇರಿಯ ಎಮ್ಮೆಗಳು ಗಬ್ಬ ನಿಲ್ಲದೆ ತಿರುಗಿ ತಿರುಗಿ ಬೆದೆಗೆ ಬರುವುದಕ್ಕೆ ಇದೇ ಕಾರಣ ಇರಬಹುದು ಎಂದಳು.

ಅವಳು ಹೋದ ಮೇಲೆ ರಿಜಿಸ್ಟರ್ ತೆಗೆದು ನೋಡಿದೆ. ಐದು ವರ್ಷದಲ್ಲಿ ಇಜೇರಿಯ ಮೂವತ್ತನಾಲ್ಕು ಎಮ್ಮೆಗಳನ್ನು ಬರಡು ಎಂದು ಬರೆದಿದ್ದೇನೆ. ಎಲ್ಲವನ್ನೂ ಕಟುಕರಿಗೆ ಮಾರಿದರು. ಕೋಣ ಅಲ್ಲೇ ಇದೆ. ಮೈಮೇಲೆ ಎಣ್ಣೆ ಹಚ್ಚಿಕೊಂಡು ಹತ್ತಿಬೀಜ ತಿನ್ನುತ್ತಾ ನಿಂತಿದೆ.

೭ ಮೇ, ಬುಧವಾರ

ಗೌಡರಿಗೆ ಎಲ್ಲಾ ಹೇಳಿದೆ, ನಾನು ಕೇಳದೆ ರಕ್ತ ತೆಗೆದದ್ದನ್ನೂ. ಬೈಯುತ್ತಾರೆ ಎಂದುಕೊಂಡಿದ್ದೆ. ನಕ್ಕರು. "ನನ್ನ ಕೋಣ ನೋಡಲೇ ಹ್ಯಾಂಗ ಅದ, ಪೈಲ್ವಾನ ಇದ್ದಂಗ ಅದ. ನಿಮ್ಮ ಎಮ್ಮಿಗೋಳ್ನ ತಪಾಸ ಮಾಡಿಸ್ಕೋ ಹೋಗು" ಎಂದರು. ಎಂಥ ಮೂರ್ಖ. ಕಣ್ಣೆದುರು ಫೋಟೋ ಇಟ್ಟರೂ ನೋಡುವುದಿಲ್ಲ ಎನ್ನುತ್ತಾನೆ. ಈ ಮೇಲ್ಜಾತಿಯ ಸೊಕ್ಕು ಸತ್ತರೂ ಹೋಗುವುದಿಲ್ಲ.

೯ ಮೇ, ಶುಕ್ರವಾರ

ಕಲಬುರಗಿ. ರಕ್ತ ಕೊಟ್ಟೆ. ನನ್ನದು.

೨೩ ಮೇ, ಶುಕ್ರವಾರ

ಕಾಗದ ಕೊಡುವ ಮೊದಲು ಸೂಕ್ಷ್ಮದರ್ಶಕದಲ್ಲೇ ತೋರಿಸು ಎಂದು ಹೇಳಿದ್ದೆ. ಲ್ಯಾಬಿನಲ್ಲಿ ದೀಪ ಆರಿಸಿ ಕತ್ತಲು ಮಾಡಿದ ಸಣ್ಣ ಕೋಣೆ. ಜಸ್ಮೀನ ಕುರ್ಚಿ ತಗ್ಗಿಸಿಕೊಟ್ಟಳು. ಕಣ್ಣಿಟ್ಟರೆ ನೀಲಿ ಕಡ್ಡಿಗಳು, ಹತ್ತಿಯ ಎಳೆ ಕತ್ತರಿಸಿ ಚೆಲ್ಲಿದ ಹಾಗೆ. ಒಂದು ಪೂರ್ತಿ ಕೆಂಪು. ಇನ್ನೊಂದು ಕೆಂಪು, ತುದಿಯಲ್ಲಿ ಹಸಿರು. ಒಂದು ಪೂರ್ತಿ ಹಸಿರು. ಇನ್ನೊಂದು ಹಸಿರು, ತುದಿಯಲ್ಲಿ ಕೆಂಪು.

ಇದು ಅರುಣನ ಗಾಜು, ಬದಲಿಸಿದ್ದೀ ಎಂದೆ. ಅವಳು ಅರುಣನದನ್ನೂ ತಂದು ಪಕ್ಕದಲ್ಲಿಟ್ಟಳು. ಬೇರೆ ಜೀವಕೋಶ ತೋರಿಸು ಎಂದೆ. ತೋರಿಸಿದಳು. ಇಪ್ಪತ್ತು ಎಣಿಸಿದೆ. ಬೆರಳು ಮಡಚಿಕೊಂಡು, ಒಂದೊಂದನ್ನೇ. ಇಪ್ಪತ್ತರಲ್ಲೂ ಅದೇ. ಇಪ್ಪತ್ತೊಂದನೆಯದಕ್ಕೆ ಕಣ್ಣಿನಲ್ಲಿ ನೀರು ಬಂತು, ಬೆಳಕು ಹೆಚ್ಚಾಗಿತ್ತು.

"ಇದು ಯಾರ ಪಾಪಾನೂ ಅಲ್ರಿ ಕಾಕಾ. ನಿಮಗ ಬಂದಿದ್ದು ನೀವು ಕೇಳಿ ತೊಗೊಂಡಿಲ್ಲ."

ಪಾಪದ ಮಾತು ಯಾರು ಎತ್ತಿದರು. ಬಸ್ಸಿನಲ್ಲಿ ಬರುತ್ತಾ ಲೆಕ್ಕ ಹಾಕಿದೆ. ನಾಡಿದ್ದು ಇಪ್ಪತ್ತೈದು. ನಾಗಣ್ಣ ಬರುವ ದಿನ. ಕಾಗದ ಕಿಸೆಯಲ್ಲಿದೆ. ಮನೆಯಲ್ಲಿ ಕೇಳಿದರು, ಇನ್ನೂ ಬಂದಿಲ್ಲ ಎಂದೆ.

೨೫ ಮೇ, ರವಿವಾರ

ನಾಗಣ್ಣ ಇಬ್ಬರು ಹಿರಿಯರನ್ನು ಕರೆದುಕೊಂಡು ಜೀಪಿನಲ್ಲಿ ಬಂದ. ನಮ್ಮ ಓಣಿಯ ನಾಲ್ಕು ಜನ ಸೇರಿದರು. ಸಪ್ನಾ ತನ್ನ ಟ್ರಂಕನ್ನು ಹೊರಗೆ ತಂದು ಇಟ್ಟಾಗಿತ್ತು. ಚಹಾ ಕೊಟ್ಟವಳೂ ಅವಳೇ. ನಿಂಬೆವ್ವ ಮಾತು ತೆಗೆದಳು: ಮೂರು ಸಲ ನೋಡಿದೆವು, ನಮಗೂ ಒಬ್ಬನೇ ಮಗ, ವಂಶ ನಿಲ್ಲಬೇಕು. ಹಿರಿಯರು ತಲೆಯಾಡಿಸಿದರು. ನಾಗಣ್ಣ ನೆಲ ನೋಡುತ್ತಾ ಕೂತಿದ್ದ. ಅರುಣ ಬಾಯಿ ತೆರೆದ, ನನ್ನ ತುಣುಕು ಮುರಿದದ್ದು ಎಂದು ಹೇಳಲು ಹೋದ. ಯಾರೋ ನಕ್ಕು ಸುಮ್ಮನಾಗಿಸಿದರು.

ಎಲ್ಲರೂ ನನ್ನ ಕಡೆ ನೋಡಿದರು. ಎಷ್ಟು ಸಭೆಗಳಲ್ಲಿ ಎದ್ದು ನಿಂತಿದ್ದೇನೆ, ಡಿ.ಸಿ. ಎದುರಿಗೆ ಮೇಜು ಗುದ್ದಿದ್ದೇನೆ. ಇವತ್ತು ಏಳಲು ಗೋಡೆ ಹಿಡಿದುಕೊಂಡೆ. ಕಾಗದ ತೆಗೆದೆ. ಅರುಣನಿಗೆ ಬಂದದ್ದು ನನ್ನಿಂದ, ಸಪ್ನಾಳಲ್ಲಿ ಏನೂ ಇಲ್ಲ, ನಿಂಬೆವ್ವನಲ್ಲೂ ಏನೂ ಇಲ್ಲ, ನಾನೇ ಕಣ್ಣಿಂದ ನೋಡಿ ಬಂದಿದ್ದೇನೆ ಎಂದೆ. ಎರಡು ದಿನದಿಂದ ಕಿಸೆಯಲ್ಲಿ ಬಚ್ಚಿಟ್ಟಿದ್ದೆ ಎಂಬುದನ್ನೂ ಹೇಳಿದೆ.

ನಿಂಬೆವ್ವ ನನ್ನನ್ನೇ ನೋಡುತ್ತಿದ್ದಳು.

"ನಂದು ಎಷ್ಟು ಹೋದ್ವು, ಹೇಳ್ರಿ."

"ಎರಡು" ಎಂದೆ.

"ನಾಕು. ಎರಡು ನಿಮಗ ಹೇಳಿಲ್ಲ. ನಿಮ್ಮವ್ವಗ ಅಂಜಿ ಹೊಲದಾಗೇ ಮಣ್ಣು ಮಾಡಿ ಬಂದೀನಿ, ಮರುದಿನ ಕಳೆ ತಗ್ಯಾಕ ಹೋಗೀನಿ."

ಎದ್ದು ಒಳಗೆ ಹೋದಳು. ಕೈಚೀಲದಲ್ಲಿ ಎರಡು ಸೀರೆ ತುರುಕಿಕೊಂಡು ಬಂದಳು. ಸಪ್ನಾಳ ಟ್ರಂಕನ್ನು ತಾನೇ ಎತ್ತಿ ಒಳಗೆ ಇಟ್ಟು, ಅವಳ ತಲೆಯ ಮೇಲೆ ಕೈಯಿಟ್ಟು ಏನೋ ಅಂದಳು, ನನಗೆ ಕೇಳಲಿಲ್ಲ. ಆಮೇಲೆ ಜೀಪಿನ ಹಿಂದಿನ ಸೀಟಿನಲ್ಲಿ ಹೋಗಿ ಕೂತಳು.

"ಬೀಗರ, ಜೀಪ ಖಾಲಿ ಒಯ್ಯಬ್ಯಾಡ್ರಿ. ನನ್ನ ಅಫಜಲಪುರದಾಗ ಇಳಸ್ರಿ. ಅಲ್ಲಿಂದ ಆಳಂದ ಬಸ್ ಹಿಡದು ಸರಸಂಬಾಕ ಹೋಗ್ತೇನಿ."

ನಾಗಣ್ಣ ಮಗಳನ್ನು ನೋಡಿದ. ಸಪ್ನಾ ಹೋಗಿರಿ ಎನ್ನುವಂತೆ ತಲೆಯಾಡಿಸಿದಳು. ಜೀಪು ಹೋಯಿತು.

೨೮ ಮೇ, ಬುಧವಾರ

ಜಗದೇವ ಬಂದಿದ್ದ. ಮನೆಯ ವಿಷಯ ಮನೆಯಲ್ಲೇ ಇರಲಿ, ಊರಿನವರು ಆಡಿಕೊಳ್ಳುತ್ತಿದ್ದಾರೆ, ಸಂಘಟನೆಗೆ ಕೆಟ್ಟ ಹೆಸರು ಎಂದ. ಮೂವತ್ತು ವರ್ಷ ಜೊತೆಗಿದ್ದವನು. ನನ್ನ ಬಾಯಿ ಮುಚ್ಚಿಸಲು ಇವನಿಗೆ ಯಾರು ಹೇಳಿ ಕಳಿಸಿರಬಹುದು? ಯಾರೂ ಹೇಳಿರಲಿಕ್ಕಿಲ್ಲ. ಹೇಳುವ ಅಗತ್ಯ ಇಲ್ಲ.

ರೊಟ್ಟಿ ಸುಟ್ಟುಕೊಳ್ಳಲು ಸಪ್ನಾ ಕಲಿಸಿದಳು. ಮೂರು ಸೀದವು.

೧ ಜೂನ್, ರವಿವಾರ
ಸರಸಂಬಾ

ಆಳಂದದಲ್ಲಿ ಬಸ್ ಬದಲಿಸಿ ಬಂದು ಮುಟ್ಟುವಷ್ಟರಲ್ಲಿ ಮಧ್ಯಾಹ್ನ. ಅವಳ ತಮ್ಮ ನೀರು ಕೊಟ್ಟು ಕಟ್ಟೆಯ ಮೇಲೆ ಕೂಡಿಸಿದ. ಅವಳು ಹೊರಗೆ ಬಂದದ್ದು ಒಂದು ತಾಸಿನ ಮೇಲೆ, ತೊಗರಿ ಬೇಳೆ ಕೇರುವ ಮೊರ ಹಿಡಿದುಕೊಂಡೇ.

ನಡಿ ಎಂದೆ. ಬೇಳೆ ಕೇರುತ್ತಿದ್ದಳು. ತಪ್ಪಾಯಿತು ಎಂದೆ. ಆಗಲೂ ಕೇರುತ್ತಿದ್ದಳು. ಏನು ಮಾಡಬೇಕು ಹೇಳು ಎಂದು ಕೇಳಿದೆ. ಈ ಮಾತು ಅವಳನ್ನು ನಾನು ಹಿಂದೆ ಎಂದಾದರೂ ಕೇಳಿದ್ದೆನೋ ನೆನಪಿಲ್ಲ. ಮೊರ ಕೆಳಗಿಟ್ಟಳು.

"ನಿಮ್ಮವ್ವ ಓಣಿಯೊಳಗ ಕೂತು ಅಂದಾಳ, ಇಕಿ ಹೊಟ್ಟಿ ಸುಡಗಾಡು ಅಂತ. ಕೇಳಿದವರು ಇನ್ನಾ ಬದುಕ್ಯಾರ. ನಾನೂ ಕಲ್ತು ಸಪ್ನಾಗ ಅದೇ ಅಂದೀನಿ. ಈಗ ನೀವು ಬರೀರಿ. ನಾಕೂ ಬರೀರಿ, ಮೂರೂ ಬರೀರಿ. ಓಣಿ ಮಂದೀನ ಕೂಡಿಸಿ ಓದ್ರಿ. ಆಮ್ಯಾಲ ನೋಡೂಣು."

ಬರೆಯುವುದು ನನಗೆ ಹೊಸದಲ್ಲ. ಬಸ್ಸಿನಲ್ಲೇ ಶುರು ಮಾಡಿದೆ. "ಈ ಮೂಲಕ ಸಮಸ್ತರಿಗೆ ತಿಳಿಯಪಡಿಸುವುದೇನೆಂದರೆ" ಎಂದು ಬರೆದು ಹೊಡೆದುಹಾಕಿದೆ. ಜೇವರ್ಗಿ ಬರುವವರೆಗೆ ಆರು ಹಾಳೆ ಹಾಳಾದವು. ಎಲ್ಲದರಲ್ಲೂ ನಾನು ಯಾರನ್ನೋ ಬೈಯುತ್ತಿದ್ದೆ.

೮ ಜೂನ್, ರವಿವಾರ
ಇಜೇರಿ

ಅಂಬೇಡ್ಕರ್ ಭವನದಲ್ಲಿ ಅರವತ್ತು ಎಪ್ಪತ್ತು ಜನ. ಇಷ್ಟು ಜನ ನನ್ನ ಯಾವ ಭಾಷಣಕ್ಕೂ ಬಂದಿರಲಿಲ್ಲ. ತಮಾಷೆ ನೋಡಲು ಬಂದವರೇ ಹೆಚ್ಚು. ಅವ್ವನ ಸರೀಕದ ಮುದುಕಿಯರು ಮುಂದೆ ಕೂತಿದ್ದರು. ಜಗದೇವ ಬರಲಿಲ್ಲ. ಸಪ್ನಾ ಅರುಣ ಒಂದೇ ಚಾಪೆಯ ಮೇಲೆ ಕೂತಿದ್ದರು. ಜಸ್ಮೀನ ಕನ್ನಡದ ಫಾರ್ಮುಗಳ ಕಟ್ಟು ತಂದಿದ್ದಳು, ಆದರೆ ಚೀಲದಿಂದ ಹೊರಗೆ ತೆಗೆಯಲಿಲ್ಲ. ಇವತ್ತಿನ ದಿನ ಕೊಡುವುದು ಬೇಡ ಎಂದು ಅವಳೇ ಹೇಳಿದಳು. ಸರಿ ಅನ್ನಿಸಿತು.

ನಿಂಬೆವ್ವ ಬರುತ್ತಾಳೋ ಇಲ್ಲವೋ ಗೊತ್ತಿರಲಿಲ್ಲ. ನಾನು ಎದ್ದು ನಿಂತ ಮೇಲೆ ಒಳಗೆ ಬಂದಳು, ಕೈಚೀಲದ ಸಮೇತ. ಎಲ್ಲರಿಗಿಂತ ಹಿಂದೆ, ಬಾಗಿಲ ಹತ್ತಿರ ಗೋಡೆಗೆ ಒರಗಿ ಕೂತಳು.

ಒಂದೇ ಹಾಳೆ. ಓದಿದೆ. ನನ್ನ ಹೆಂಡತಿ ನಿಂಬೆವ್ವಳಿಗೆ ನಾಲ್ಕು ಬಸಿರು ಇಳಿದವು, ಸೊಸೆ ಸಪ್ನಾಳಿಗೆ ಮೂರು ಇಳಿದವು, ಏಳಕ್ಕೂ ಕಾರಣ ನನ್ನ ಮೈಯಲ್ಲಿದೆ, ಅವರ ಮೈಯಲ್ಲಿಲ್ಲ. ಅದು ನನ್ನ ಮೈಯಲ್ಲಿರುವುದು ನನ್ನ ತಪ್ಪಲ್ಲ. ಮೂವತ್ತೊಂದು ವರ್ಷ ಅವರನ್ನು ಅನ್ನಲು ಬಿಟ್ಟದ್ದು ನನ್ನ ತಪ್ಪು. ಸೊಸೆಯನ್ನು ಕಳಿಸಲು ತಾರೀಖು ಕೊಟ್ಟದ್ದು ನನ್ನ ತಪ್ಪು. ಇಷ್ಟೇ ಇತ್ತು. ನಡುವೆ ಧ್ವನಿ ಎಲ್ಲೋ ಇಳಿದುಹೋಗಿತ್ತು, ನನಗೇ ಗೊತ್ತಾಯಿತು. ಮೈಕು ಇಲ್ಲದೆ ಊರು ನಡುಗಿಸಿದ ಗಂಟಲು. ಮುಗಿಸಿ ಹಾಳೆ ಮಡಚಿದೆ. ಮುದುಕಿಯರು ಒಬ್ಬರನ್ನೊಬ್ಬರು ನೋಡಿಕೊಂಡರು.

ಬಾಗಿಲ ಹತ್ತಿರದಿಂದ ನಿಂಬೆವ್ವ ಮಾತಾಡಿದಳು.

"ಜೋರಾಗಿ ಓದ್ರಿ. ಹಿಂದ ಕೂತವರಿಗಿ ಕೇಳಸಾಕತ್ತಿಲ್ಲ."

ಹಾಳೆ ಬಿಚ್ಚಿದೆ. ಮೊದಲಿನಿಂದ ಓದಿದೆ.